ಹಳದಿ ಡಬ್ಬಿ

"ಆಚಾರ್ರೇ, ಹಿಂದಿನ ಬಣ್ಣ ಯಾರು ನೋಡ್ತಾರೆ?" ಎಂದು ಹಾಲೇಶ ಕೇಳಿದ. "ಹೋಗೋ ಬರೋ ಜನ ಸಿನಿಮಾ ಹೆಸರು ಓದ್ತಾರೆ, ಹೀರೋ ಮುಖ ನೋಡ್ತಾರೆ. ಅಷ್ಟೇ ಅಲ್ವಾ?"

ಕೇಳಿದ್ದಕ್ಕೆ ಕಾರಣವಿತ್ತು. ಯಾರ ನೆರವೂ ಇಲ್ಲದೆ ಅವನು ಬರೆದ ಮೊದಲ ಪೋಸ್ಟರ್ ಅದು. ಅಣ್ಣ ತಮ್ಮಂದಿರು ಹೊಡೆದಾಡಿ ಸಾಯುವ ಸಿನಿಮಾ. ಹಿಂದೆ ಪೂರ್ತಿ ಹಳದಿ ಬಳಿದಿದ್ದ. ಬೆಳಗಾದರೆ ಅದು ಟಾಕೀಸಿನ ಮುಂದೆ ನಿಲ್ಲಬೇಕು. ಊಟ ಮುಗಿಸಿ ಬಂದ ರುದ್ರಾಚಾರ್ ಒಂದೇ ಸಲ ನೋಡಿ, "ಅಳಿಸು" ಎಂದಿದ್ದರು. ಯಾಕೆ ಎಂದು ಹೇಳಿರಲಿಲ್ಲ. ಹಳದಿ ಕಣ್ಣಿಗೆ ಹೊಡೆಯುತ್ತದೆ, ದೂರಕ್ಕೆ ಕಾಣುತ್ತದೆ, ಇನ್ನೇನು ಬೇಕು ಎಂಬುದು ಹಾಲೇಶನಿಗೆ ಹೊಳೆಯಲಿಲ್ಲ. ಆಚಾರ್ರಿಗೆ ಹಳದಿಯ ವಿಷಯದಲ್ಲಿ ಏನೋ ಒಂದು ಹುಚ್ಚು ಇದೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಬಣ್ಣ ಮೆತ್ತಿದ ಕೈಯಲ್ಲೇ ಬೀಡಿ ಹಚ್ಚುವ ಮನುಷ್ಯ, ಹಳದಿ ಡಬ್ಬಿ ತೆರೆಯುವ ಮುಂಚೆ ಮಾತ್ರ ತೊಟ್ಟಿಗೆ ಹೋಗಿ ಕೈ ತೊಳೆದು ಬರುತ್ತಿದ್ದರು. ಶಿಷ್ಯರೆಲ್ಲ ಬೆನ್ನ ಹಿಂದೆ ನಗುತ್ತಿದ್ದರು.

ರುದ್ರಾಚಾರ್ ಸ್ಟೂಲ್ ಎಳೆದುಕೊಂಡು ಕೂತರು. "ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ."

ಒಂದೂರಿನಲ್ಲಿ ಒಬ್ಬ ಪೇಂಟರ್ ಇದ್ದ. ಟೆಂಟ್ ಹಾಕಿ ಸಿನಿಮಾ ತೋರಿಸುವ ಟೂರಿಂಗ್ ಟಾಕೀಸಿಗೆ ಪೋಸ್ಟರ್ ಬರೆಯುವುದು ಅವನ ಕೆಲಸ. ಕೈ ಚುರುಕು. ಅದರ ಜೊತೆಗೆ ಒಂದಿಷ್ಟು ಪೊಗರು, ನಿನ್ನ ಹಾಗೆಯೇ ಅನ್ನು. ಅವನು ಬರೆದ ಪೋಸ್ಟರನ್ನು ಎತ್ತಿನ ಗಾಡಿಗೆ ಕಟ್ಟಿ, ತಮಟೆ ಬಡಿಯುತ್ತ ಸುತ್ತಿನ ಹಳ್ಳಿಗಳಲ್ಲಿ ತಿರುಗಿಸುತ್ತಿದ್ದರು. ಅಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ದೇವರ ಸಿನಿಮಾಕ್ಕೆ ಹಿಂದೆ ಹಳದಿ. ಹೊಡೆದಾಟಕ್ಕೆ ಕೆಂಪು. ದೆವ್ವಕ್ಕೆ ನೀಲಿ. ಯಾರೂ ಬರೆದಿಟ್ಟದ್ದಲ್ಲ, ಆದರೆ ಯಾರೂ ಮೀರಿದ್ದೂ ಇಲ್ಲ.

ಒಂದು ವಾರ ಕೊಲೆಯ ಸಿನಿಮಾ ಬಂತು. ಹೆಸರಿನಲ್ಲೇ ಕೊಡಲಿ ಇತ್ತು. ಪೇಂಟರ್ ನೋಡಿದರೆ ಕೆಂಪು ಡಬ್ಬಿ ಖಾಲಿ. ಅವತ್ತು ಅಮಾವಾಸ್ಯೆ, ಪೇಟೆಯಲ್ಲಿ ಒಂದು ಅಂಗಡಿಯೂ ತೆರೆದಿಲ್ಲ. ಗಾಡಿಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಹಿಂದಿನ ವಾರದ ದೇವರ ಸಿನಿಮಾದ ಹಳದಿ ಅರ್ಧ ಡಬ್ಬಿ ಉಳಿದಿತ್ತು. "ಹೆಸರು ದಪ್ಪಗೆ ಬರೆದರಾಯ್ತು, ಹಿಂದಿನ ಬಣ್ಣ ಯಾರು ನೋಡ್ತಾರೆ" ಎಂದುಕೊಂಡು ಅದನ್ನೇ ಬಳಿದ. ಗಡ್ಡ ಬಿಟ್ಟ ಕೊಲೆಗಾರನ ಮುಖ ಬರೆದ, ಹೆಸರು ಬರೆದ. ಕೊಡಲಿ ಬರೆಯಲು ಹೊತ್ತು ಸಾಲಲಿಲ್ಲ. ಗಾಡಿ ಹೊರಟಿತು.

ಮೊದಲ ಆಟಕ್ಕೆ ಪೇಂಟರ್ ಟೆಂಟಿಗೆ ಹೋದ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಬಾಗಿಲ ಹೊರಗೆ ಸಾಲಾಗಿ ಚಪ್ಪಲಿ ಬಿಟ್ಟಿದ್ದಾರೆ. ಒಳಗೆ ಕರ್ಪೂರದ ವಾಸನೆ. ಕೊಲೆ ಸಿನಿಮಾಕ್ಕೆ ಎಂದೂ ಬಾರದ ಮುದುಕಿಯರು ತಲೆ ತುಂಬ ಸೆರಗು ಹೊದ್ದು ಕೂತಿದ್ದಾರೆ. ಟಾಕೀಸಿನ ಧಣಿ, "ಭೇಷ್, ಏನು ಜನ ತಂದೆಯಪ್ಪಾ!" ಎಂದು ಬೆನ್ನು ತಟ್ಟಿದ. ನಗಬೇಕೋ ಹೆದರಬೇಕೋ ತಿಳಿಯದೆ ಪೇಂಟರ್ ಹಲ್ಲು ಕಿರಿದ.

ಅವನ ಮುಂದೆಯೇ ಒಬ್ಬ ತಾಯಿ, ಎಂಟು ತಿಂಗಳ ಬಸುರಿ ಮಗಳನ್ನು ಕೂರಿಸಿಕೊಂಡಿದ್ದಳು. ಅವಳು ಪಕ್ಕದವಳಿಗೆ ಹೇಳುತ್ತಿದ್ದುದು ಅವನ ಕಿವಿಗೂ ಬಿತ್ತು. ಮಗಳಿಗೆ ಹಿಂದಿನ ಎರಡೂ ಹೊಟ್ಟೆಯಲ್ಲೇ ಹೋಗಿದ್ದವಂತೆ. ಇದೊಂದಾದರೂ ನಿಲ್ಲಲಿ ಎಂದು ದೇವರನ್ನು ತೋರಿಸಲು ಮೂರು ಮೈಲಿ ನಿಧಾನಕ್ಕೆ ನಡೆಸಿಕೊಂಡು ಬಂದಿದ್ದಳಂತೆ. ಬಸುರಿಯ ಕಣ್ಣಿಗೆ ರಕ್ತ ಬೀಳಬಾರದು ಎಂದು ಆರು ತಿಂಗಳಿಂದ ಮನೆಯಲ್ಲಿ ಕೋಳಿ ಕೂಡ ಕೊಯ್ದಿರಲಿಲ್ಲವಂತೆ.

ಪರದೆಯ ಮೇಲೆ ಮೊದಲ ಕೊಲೆಯಾಯಿತು. ಜನ ಎದ್ದು ಹೋಗಲಿಲ್ಲ. ಕೈ ಮುಗಿಯಬೇಕೋ ಕಣ್ಣು ಮುಚ್ಚಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. "ಸ್ವಾಮಿ ಪರೀಕ್ಷೆ ಮಾಡ್ತಿದ್ದಾನೆ, ಆಮೇಲೆ ಬರ್ತಾನೆ" ಎಂದ ಒಬ್ಬ ಮುದುಕ. ಎಲ್ಲರೂ ಅದನ್ನೇ ನಂಬಿದರು. ಎರಡನೆಯ ಕೊಲೆಯಾಯಿತು, ಮೂರನೆಯದೂ ಆಯಿತು. ತಾಯಿ ಸೆರಗಿನಿಂದ ಮಗಳ ಕಣ್ಣು ಮುಚ್ಚಿದಳು. ಕಿರುಚಾಟ ಮಾತ್ರ ಕೇಳುತ್ತಲೇ ಇತ್ತು. ಮಗಳು ಹೊಟ್ಟೆ ಹಿಡಿದುಕೊಂಡು, "ಅವ್ವಾ, ದೇವರು ಯಾವಾಗ ಬರ್ತಾನೆ?" ಎಂದು ಮತ್ತೆ ಮತ್ತೆ ಕೇಳಿದಳು.

ಎದ್ದು ನಿಂತು, ಇದು ದೇವರ ಸಿನಿಮಾ ಅಲ್ಲ, ಮನೆಗೆ ಹೋಗಿ ಎಂದು ಕೂಗಬೇಕು ಎನಿಸಿತು ಪೇಂಟರಿಗೆ. ಕೂಗಿದರೆ ಧಣಿ ಕೆಲಸದಿಂದ ಕಿತ್ತು ಹಾಕುತ್ತಾನೆ. ಕೂತೇ ಇದ್ದ, ನಾಚಿಕೆಗೇಡಿ.

ಕೊನೆಗೆ ಗಡ್ಡದವನನ್ನು ಗಲ್ಲಿಗೆ ಹಾಕಿದರು. ಆಟ ಮುಗಿಯಿತು. ತಾಯಿ ಒಡೆಯದ ತೆಂಗಿನಕಾಯಿ ಹಿಡಿದುಕೊಂಡು ಹೊರಗೆ ಬಂದಳು. ಪೇಂಟರನ ಅಂಗಿಯ ಮೇಲೆ ಹಳದಿ ಬಣ್ಣ ಕಂಡು ನಿಂತಳು.

"ಅಪ್ಪಾ, ದೇವರು ಎಲ್ಲಿ?"

"ಹೆಸರು ಅಷ್ಟು ದಪ್ಪಗೆ ಬರೆದಿದ್ದೆನಲ್ಲಮ್ಮಾ, ಕೊಡಲಿ ಅಂತ."

"ನಮಗೆ ಅಕ್ಷರ ಬರಲ್ಲಪ್ಪಾ" ಎಂದಳು ತಾಯಿ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಬಣ್ಣ ಗೊತ್ತಾಗುತ್ತೆ."

ಮಗಳನ್ನು ತೋಳಿಗೆ ಆನಿಸಿಕೊಂಡು ಹೊರಟುಹೋದಳು. ಯಾವ ಊರು ಎಂದು ಕೇಳುವ ಬುದ್ಧಿಯೂ ಪೇಂಟರಿಗೆ ಆಗ ಬರಲಿಲ್ಲ. ಮರುದಿನ ಕೆಂಪು ತಂದು ಬಳಿದ. ಆಮೇಲೆ ಗಾಡಿ ಹೋದ ಹಳ್ಳಿಗಳನ್ನೆಲ್ಲ ಸುತ್ತಿ, ಸಿಕ್ಕವರನ್ನೆಲ್ಲ ವಿಚಾರಿಸಿದ. ಆ ತಾಯಿ ಮಗಳು ಸಿಗಲಿಲ್ಲ.

ರುದ್ರಾಚಾರ್ ಮಾತು ನಿಲ್ಲಿಸಿದರು. ಬಾಯಿ ಹಾಕಬೇಡ ಎಂದದ್ದು ಹಾಲೇಶನಿಗೆ ಮರೆತೇ ಹೋಗಿತ್ತು.

"ಮಗು ಉಳೀತಾ, ಆಚಾರ್ರೇ?"

ಆಚಾರ್ ಬಣ್ಣ ಒರೆಸುವ ಬಟ್ಟೆಯನ್ನು ಅವನ ಕೈಗೆ ಕೊಟ್ಟರು. "ಅದು ಗೊತ್ತಿದ್ದಿದ್ರೆ, ಹಳದಿ ಮುಟ್ಟೋಕೆ ಮುಂಚೆ ನಾನು ಯಾಕೋ ಕೈ ತೊಳೀತಿದ್ದೆ?"