ಗಾಜು ಬಿಚ್ಚಿ ಗುಡ್ಡ ನೋಡಿದ ಮರಿಗಳು

ಒಂದು ಕುರುಚಲು ಕಾಡಿನಲ್ಲಿ ಬತ್ತುತ್ತಿದ್ದ ಕೆರೆಯೊಂದಿತ್ತು. ಅದರ ದಂಡೆಯಲ್ಲಿ ಕೆಂಚಿ, ಬೋರಿ ಎಂಬ ಎರಡು ಕಾಡುಕೋಳಿಗಳು ಮರಿಗಳೊಂದಿಗೆ ವಾಸವಾಗಿದ್ದವು. ಎದುರು ದಂಡೆಯಲ್ಲಿ ಸಿಂಗಾರಿ ಎಂಬ ಕಾಡುಬೆಕ್ಕು ಇತ್ತು. ಅದಕ್ಕೆ ಕೋಳಿಮರಿ ಎಂದರೆ ಪಂಚಪ್ರಾಣ. ಆದರೆ ಮರಿಗಳ ಕಣ್ಣು ಬಲು ಚುರುಕು. ಬೆಕ್ಕು ಹುಲ್ಲಿನಿಂದ ಮೂತಿ ಹೊರಹಾಕಿದರೆ ಸಾಕು, "ಬಂತು, ಬಂತು!" ಎಂದು ಕೂಗಿ ಮುಳ್ಳುಪೊದೆಯೊಳಗೆ ನುಗ್ಗಿಬಿಡುತ್ತಿದ್ದವು.

ಒಂದು ದಿನ ಕಾಡಿನ ದಾರಿಯಲ್ಲಿ ಹೋಗುತ್ತಿದ್ದ ಜೀಪಿನಿಂದ ಕನ್ನಡಕದ ಗಾಜುಗಳ ಪೆಟ್ಟಿಗೆಯೊಂದು ಉರುಳಿಬಿತ್ತು. ಅದನ್ನು ಕಂಡು ಸಿಂಗಾರಿಯ ಮೀಸೆ ಅರಳಿತು. ಅದು ಹಿಂದೆ ಪಟ್ಟಣದಲ್ಲಿ ಕನ್ನಡಕದ ಅಂಗಡಿಯ ಮಾಡಿನ ಮೇಲೆ ಇದ್ದ ಬೆಕ್ಕು. ಚೆನ್ನಾಗಿರುವ ಎಳೆಯ ಕಣ್ಣಿಗೆ ಬೇಡದ ಗಾಜನ್ನು ಬಿಡದೆ ಹಾಕಿದರೆ ಕಣ್ಣು ಆ ಗಾಜಿಗೇ ಹೊಂದಿಕೊಂಡು ಬೆಳೆಯುತ್ತದೆ, ಆಮೇಲೆ ಗಾಜು ತೆಗೆದರೆ ದೂರದ್ದೆಲ್ಲ ಮಬ್ಬಾಗುತ್ತದೆ ಎಂದು ಅಲ್ಲಿ ಕೇಳಿ ತಿಳಿದಿತ್ತು.

ಸಿಂಗಾರಿ ಪೆಟ್ಟಿಗೆಯನ್ನು ಬಂಡೆಯ ಮೇಲಿಟ್ಟು ದೂರ ಹೋಗಿ ನಿಂತಿತು.

"ಹೆದರಬೇಡಿ ಅಕ್ಕಂದಿರೇ, ನಾನು ಹತ್ತಿರ ಬರುವುದಿಲ್ಲ. ಗರುಡನ ಮರಿಗಳು ಹಾಕಿಕೊಳ್ಳುವ ಕನ್ನಡಕ ಇದು. ನಿಮ್ಮ ಮಕ್ಕಳಿಗೂ ಹಾಕಿ, ಗರುಡನ ಕಣ್ಣೇ ಬರುತ್ತದೆ. ಒಂದೇ ಮಾತು, ನಡುವೆ ಬಿಚ್ಚಬಾರದು. ಬಿಚ್ಚಿದರೆ ಗುಣ ಹತ್ತುವುದಿಲ್ಲ" ಎಂದು ಹೇಳಿ ಹೊರಟುಹೋಯಿತು.

ಕೆಂಚಿಗೆ ಹಿಗ್ಗೋ ಹಿಗ್ಗು. ಹುಲ್ಲಿನ ದಾರದಿಂದ ಮರಿಗಳ ಕಣ್ಣಿಗೆ ಗಾಜು ಕಟ್ಟಿತು. ಊಟದಲ್ಲೂ ಆಟದಲ್ಲೂ ಬಿಚ್ಚಗೊಡಲಿಲ್ಲ.

ಬೋರಿಗೆ ಮನಸ್ಸಿರಲಿಲ್ಲ. ಆದರೆ ಅದರ ಮರಿ ಹುರುಳಿ "ನನಗೂ ಬೇಕು" ಎಂದು ಹಟ ಹಿಡಿಯಿತು. ಉಳಿದ ಮರಿಗಳೂ ದನಿಗೂಡಿಸಿದವು. ಬೋರಿ ಗಾಜು ಕಟ್ಟಿತು. ಆದರೆ ಮಣ್ಣಿನಲ್ಲಿ ಹೊರಳುವಾಗ ಬಿಚ್ಚಿಸಿತು, ಕಾಳು ಹೆಕ್ಕುವಾಗ ಬಿಚ್ಚಿಸಿತು. ಬಿಚ್ಚಿದಾಗೆಲ್ಲ ಮರಿಗಳನ್ನು ಬಂಡೆ ಹತ್ತಿಸಿ ದೂರದ ಗುಡ್ಡ ತೋರಿಸಿತು.

"ಹೀಗೆ ಹಾಕಿ ಬಿಚ್ಚಿ ಮಾಡಿದರೆ ಗುಣ ಹೇಗೆ ಹತ್ತುತ್ತೆ ಅಕ್ಕಾ?" ಎಂದು ಕೆಂಚಿ ನಕ್ಕಿತು.

"ಹತ್ತದಿದ್ದರೆ ಬೇಡ ಬಿಡು. ಬೆಕ್ಕು ಬಿಚ್ಚಬೇಡ ಅಂದಿದೆಯಲ್ಲ, ಅದಕ್ಕೇ ಬಿಚ್ಚಿಸುತ್ತೇನೆ" ಎಂದಿತು ಬೋರಿ.

ದಿನಗಳು ಕಳೆದವು. ಸಿಂಗಾರಿ ಮತ್ತೆ ಬಂದು ದೂರದಲ್ಲೇ ನಿಂತು, "ಗಾಜಿಗೆ ಧೂಳು ಕೂತಿದೆ. ಒರೆಸಿ ನಾಳೆ ಬೆಳಿಗ್ಗೆ ತಂದುಕೊಡುತ್ತೇನೆ" ಎಂದು ಎಲ್ಲ ಗಾಜುಗಳನ್ನೂ ಪೆಟ್ಟಿಗೆಗೆ ಹಾಕಿಸಿಕೊಂಡು ಹೋಯಿತು.

ಅಂದೇ ಸಂಜೆ ಆಕಾಶದಿಂದ ಹದ್ದೊಂದು ಎರಗಿತು. ಬೋರಿಯ ಮರಿಗಳು ಅದನ್ನು ದೂರದಿಂದಲೇ ಕಂಡು ಪೊದೆ ಸೇರಿದ್ದವು. ಕೆಂಚಿಯ ಮರಿಗಳು ಬಯಲಿನಲ್ಲೇ ನಿಂತಿದ್ದವು. ಕೆಂಚಿ ರೆಕ್ಕೆ ಬಡಿದು ಹದ್ದಿನ ಮೇಲೆ ಬೀಳದಿದ್ದರೆ ಒಂದು ಮರಿ ಅದರ ಪಾಲಾಗುತ್ತಿತ್ತು.

"ಯಾಕೋ ಓಡಲಿಲ್ಲ?" ಎಂದು ಕೆಂಚಿ ಕೇಳಿತು.

"ಕಾಣಲಿಲ್ಲಮ್ಮ. ದೂರದ್ದೆಲ್ಲ ಮಂಜು ಮಂಜು" ಎಂದಿತು ಮರಿ.

ಕೆಂಚಿ ಕುಸಿದು ಕೂತು ಅತ್ತಿತು. "ನನ್ನ ಕೈಯಾರೆ ಮಕ್ಕಳ ಕಣ್ಣು ಕಟ್ಟಿದೆನಲ್ಲ ಅಕ್ಕಾ!"

"ಅಳಬೇಡ ತಂಗಿ. ನಾಳೆ ಬೆಕ್ಕು ಬರುವುದು ಗಾಜು ಕೊಡುವುದಕ್ಕಲ್ಲ. ಬರಲಿ, ನೋಡೋಣ. ನಾನು ಹೇಳುವ ತನಕ ಯಾರೂ ಕದಲಬೇಡಿ" ಎಂದಿತು ಬೋರಿ.

ಬೆಳಿಗ್ಗೆ ಕೋಳಿಗಳೆಲ್ಲ ಕೆರೆಯ ಅಂಚಿನಲ್ಲಿ ಕಾಳು ಹೆಕ್ಕುವಂತೆ ನಿಂತವು. ಕೆರೆಯಂಗಳ ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಹಗುರವಾದ ಮರಿಗಳು ದಿನವೂ ಅದರ ಮೇಲೆ ಓಡಾಡುತ್ತಿದ್ದವು. ಆದರೆ ನಡುವೆ, ಒಣಪದರದ ಕೆಳಗೆ, ಆಳವಾದ ಕೆಸರಿತ್ತು. ಬೋರಿಗೆ ಅದು ಗೊತ್ತಿತ್ತು. ಯಾವಾಗಲೂ ದಂಡೆಯ ಹುಲ್ಲಿನಲ್ಲೇ ತೆವಳಿ ಬರುತ್ತಿದ್ದ ಸಿಂಗಾರಿಗೆ ಗೊತ್ತಿರಲಿಲ್ಲ.

ಅಂದು ಸಿಂಗಾರಿ ತೆವಳಲಿಲ್ಲ. "ಕುರುಡು ಮರಿಗಳಿಗೆ ಅಡಗಿ ಬರುವುದೇಕೆ?" ಎಂದು ಬಾಲ ಎತ್ತಿಕೊಂಡು ಕೆರೆಯಂಗಳಕ್ಕೇ ಇಳಿಯಿತು.

"ಅಮ್ಮಾ, ಬೆಕ್ಕು ದಂಡೆ ಇಳಿಯಿತು" ಎಂದು ಹುರುಳಿ ಪಿಸುಗುಟ್ಟಿತು. "ಈಗ ಇತ್ತ ಬರುತ್ತಿದೆ. ನಮ್ಮನ್ನೇ ನೋಡುತ್ತಿದೆ."

ಕೆಂಚಿಯ ಮರಿಗಳಿಗೆ ಏನೂ ಕಾಣದು. ಆದರೂ ಹುರುಳಿಯ ಮಾತಿಗೆ ಕಿವಿಗೊಟ್ಟು ನಿಂತವು.

"ಈಗ ಓಡಿ ಬರುತ್ತಿದೆ!"

"ನಿಲ್ಲಿ" ಎಂದಿತು ಬೋರಿ.

ಸಿಂಗಾರಿ ಓಡಿತು, ನೆಗೆಯಿತು. ಕಾಲೂರಿದಲ್ಲಿ ಒಣಪದರ ಮುರಿಯಿತು. ಪಿಚಕ್ಕೆಂದು ಹೊಟ್ಟೆಯವರೆಗೆ ಹೂತುಹೋಯಿತು. ಒದ್ದಾಡಿದಷ್ಟೂ ಕೆಳಗಿಳಿದು, ಕೊನೆಗೆ ಕತ್ತು ಮಾತ್ರ ಮೇಲುಳಿಯಿತು.

"ಅಕ್ಕಾ, ಕಾಪಾಡಿ! ನಾನು ಗಾಜು ಕೊಡಲು ಬಂದೆ!"

"ಗಾಜು ಎಲ್ಲಿ?" ಎಂದಿತು ಹುರುಳಿ. "ನನಗೆ ನಿನ್ನ ಹಲ್ಲು ಮಾತ್ರ ಕಾಣುತ್ತಿದೆ."

ಕೋಳಿಗಳೆಲ್ಲ ಕೊಕ್ಕೊಕ್ಕೋ ಎಂದು ನಕ್ಕವು. ಬಿಸಿಲೇರುವವರೆಗೆ ಒದ್ದಾಡಿ, ಮೈಯೆಲ್ಲ ಕೆಸರಾಗಿ, ಬೆಕ್ಕು ಹೇಗೋ ಆಚೆ ದಂಡೆಗೆ ತೆವಳಿತು. ಮತ್ತೆ ಆ ಕೆರೆಯ ಕಡೆ ಸುಳಿಯಲಿಲ್ಲ.

ಕೆಂಚಿ ಅಂದಿನಿಂದ ತನ್ನ ಮರಿಗಳನ್ನು ದಿನವೂ ಬಯಲಿಗೆ ಕರೆದೊಯ್ದು ಬರಿಗಣ್ಣಲ್ಲಿ ದೂರ ನೋಡಿಸಿತು. ಇನ್ನೂ ಬೆಳೆಯುತ್ತಿದ್ದ ಕಣ್ಣುಗಳು. ಮಂಜು ಮೆಲ್ಲಮೆಲ್ಲಗೆ ಕರಗಿತು. ಒಂದು ಬೆಳಿಗ್ಗೆ ಅದರ ಮರಿಯೇ ಎಲ್ಲರಿಗಿಂತ ಮೊದಲು ಕೂಗಿತು: "ಹುರುಳೀ, ಅಲ್ಲಿ ನೋಡು, ಹುತ್ತದ ಹಿಂದೆ ಉಡ! ನಿನಗಿನ್ನೂ ಕಾಣಲಿಲ್ಲವಾ?"

ನೀತಿ: ವಂಚಕರು ಹಾಕಿಸಿದ್ದನ್ನೇ ಹಾಕಿಕೊಂಡಿದ್ದರೆ ಕಣ್ಣೂ ಅದಕ್ಕೇ ಒಗ್ಗಿಹೋಗುತ್ತದೆ. ಆಗಾಗ ಬಿಚ್ಚಿಟ್ಟು ಸ್ವಂತ ಕಣ್ಣಿನಿಂದ ದೂರ ನೋಡುವವರನ್ನು ಯಾರೂ ಮೋಸಗೊಳಿಸಲಾರರು.