ಹಳ್ಳದ ದಂಡೆಯ ಮರ

ಕಂಬಳಿ ನೇಯುವ ನಿರ್ವಾಣಪ್ಪನವರು ನಮ್ಮೂರಿಗೆ ತಂದ ಕತೆಯಿದು. ಅವರು ಹೇಳಿದಂತೆಯೇ ಇಲ್ಲಿದೆ.

ಮಠದ ಅಡುಗೆಮನೆಗೆ ತೊಲೆ ಬೇಕಾಗಿತ್ತು. ಹಳ್ಳದ ದಂಡೆಯ ಮರವನ್ನು ಕಡಿಯಲು ಹೊರಟ ಶಿಷ್ಯ ಮರುಳಯ್ಯನನ್ನು ಗುರುಗಳು ತಡೆದರು.

"ಬುದ್ಧೀ, ನಮ್ಮ ಕಾಡಿನಲ್ಲಿ ಎಷ್ಟೊಂದು ಬಗೆಯ ಮರಗಳಿವೆ! ಇಷ್ಟು ಕೊಟ್ಟ ಶಿವನಿಗೆ ಒಂದು ಹೋದರೆ ಕೊರತೆಯೇ?" ಎಂದು ಮರುಳಯ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಹಿಮ ಬೀಳುವ ಬಡಗಣ ಸೀಮೆಯ ಒಬ್ಬ ರೈತ ಬಿಸಿಲು ಮಳೆಗಳ ತೆಂಕಣ ಸೀಮೆಗೆ ಮನೆ ಅಳಿಯನಾಗಿ ಬಂದ. ಹೆಂಡತಿಗೆ ಜ್ವರ ಬಂದಾಗ ಮಾವ ಕಾಡಿನಲ್ಲಿ ಒಂದು ಕೆಂಪು ತೊಗಟೆಯ ಮರ ತೋರಿಸಿದ. ಊರಿನವರು ಅದರಿಂದ ಅಂಗೈಯಗಲ ತೊಗಟೆ ತೆಗೆದು, ಗಾಯಕ್ಕೆ ಸಗಣಿ ಮೆತ್ತಿ, ಕೈಮುಗಿದು ಬರುತ್ತಿದ್ದರು. ಕಷಾಯ ಕುಡಿದು ಹೆಂಡತಿ ಎದ್ದು ಓಡಾಡಿದಳು. ಪದೇ ಪದೇ ಅಲೆಯುವುದೇಕೆಂದು ಅಳಿಯ ಹೋಗಿ ಮರವನ್ನೇ ಉರುಳಿಸಿದ. ತನ್ನ ಸೀಮೆಯ ವಾಡಿಕೆಯಂತೆ ತೊಗಟೆಯನ್ನೆಲ್ಲ ಅಟ್ಟದ ಮೇಲೆ ಕೂಡಿಟ್ಟ.

ಮಾವ ತಲೆ ಚಚ್ಚಿಕೊಂಡ. "ಉಣ್ಣೆ ಬೇಕೆಂದರೆ ನಿಮ್ಮ ಕಡೆ ಕುರಿಯನ್ನೇ ಕಡಿಯುತ್ತೀರಾ, ಅಳಿಯಂದಿರೇ?"

"ಒಂದು ಮರ ತಾನೇ, ಮಾವ? ಪಕ್ಕದಲ್ಲಿ ಅಂಥದೇ ಇನ್ನೊಂದು ಇರುತ್ತದಲ್ಲ. ನಮ್ಮ ಬೆಟ್ಟದಲ್ಲಿ ತಳದಿಂದ ತುದಿಯವರೆಗೆ ಒಂದೇ ಜಾತಿಯ ಮರ."

"ನಿಮ್ಮಲ್ಲಿ ಚಳಿ ತಡೆದ ಮರ ಮಾತ್ರ ಉಳಿಯಿತು, ಹಾಗೆ ಉಳಿದ ಒಂದಕ್ಕೇ ಇಡೀ ಬೆಟ್ಟ ಸಿಕ್ಕಿತು. ಇಲ್ಲಿ ಬಿಸಿಲೂ ಮಳೆಯೂ ಯಾವುದನ್ನೂ ಹೊರಗೆ ಹಾಕಲಿಲ್ಲ. ಬಂದದ್ದೆಲ್ಲ ಉಳಿಯಿತು. ಒಂದೊಂದು ಜಾತಿಗೆ ಸಿಕ್ಕಿದ್ದು ಮೂಲೆಯಷ್ಟು ಜಾಗ."

ಅಳಿಯ ನಕ್ಕುಬಿಟ್ಟ.

ಮಳೆಗಾಲ ಹಿಡಿಯಿತು. ಅಟ್ಟದ ತೊಗಟೆಗೆ ಬೂಷ್ಟು ಬಂದು ಕೊಳೆತುಹೋಯಿತು. ಆಗ ತೊಟ್ಟಿಲಲ್ಲಿದ್ದ ಅವನ ಮಗಳಿಗೆ ಅದೇ ಜ್ವರ ಬಂತು. ಅಳಿಯ ಕಾಡಿಗೆ ಓಡಿದ. ಹೆಜ್ಜೆಗೊಂದು ಬಗೆಯ ಮರ. ಬೇಕಾದ ಮರ ಮಾತ್ರ ಇಲ್ಲ. ಕೊನೆಗೆ ಎರಡು ಬೆಟ್ಟಗಳ ಆಚೆ ಒಂದು ಸಿಕ್ಕಿತು. ಅಂಗೈಯಗಲ ತೊಗಟೆ ತೆಗೆದ, ಗಾಯಕ್ಕೆ ಮಣ್ಣು ಮೆತ್ತಿದ, ಕೈಮುಗಿದ. ಮನೆಗೆ ಬಂದಾಗ ಮಾವ ತೊಟ್ಟಿಲನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಕೊಡಲಿ ಇನ್ನೂ ಹೆಗಲ ಮೇಲೆಯೇ ಇತ್ತು.

"ಹಳ್ಳದ ದಂಡೆಯ ಆ ಮರದಂಥದು ಇನ್ನೊಂದನ್ನು ನೀನು ಎಲ್ಲಿ ನೋಡಿದ್ದೀಯಪ್ಪಾ?"

ಮರುಳಯ್ಯ ಕೊಡಲಿಯನ್ನು ಹೆಗಲಿನಿಂದ ಕೆಳಗಿಳಿಸಿದ.

ಈ ಕತೆ ಕೇಳಿದವರೇ, ಕೊಡಲಿ ಹಿಡಿದು ಹೊರಟವರು ಎದುರಾದರೆ, ನಿಲ್ಲಿಸಿ ಇದನ್ನು ಹೇಳಿರಿ.