ಬೀರುವಿನಲ್ಲಿದ್ದ ನೆಗೆಟಿವ್

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಜೊತೆಯವನ ಏಳಿಗೆ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಅವನಿಗೆ ನಾನು ಕೇಡು ಬಗೆದಿಲ್ಲ. ಉರಿಯುವುದು ನನ್ನ ಹೊಟ್ಟೆ ತಾನೆ? ಅದರಿಂದ ಯಾರಿಗೇನು ನಷ್ಟ?"

ಗುರುಗಳು ಈ ಕತೆ ಹೇಳಿದರು.

ಒಂದು ಪತ್ರಿಕೆಯಲ್ಲಿ ಇಬ್ಬರು ಫೋಟೋಗ್ರಾಫರುಗಳಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ. ಹೊಳೆಗೆ ನೆರೆ ಬಂದಾಗ ಇಬ್ಬರೂ ಒಂದೇ ದೋಣಿಯಲ್ಲಿ ಹೋದರು. ಮುಳುಗಿದ ಮನೆಯ ಮಾಳಿಗೆಯ ಮೇಲೆ ಗಂಡ ಹೆಂಡತಿ ನಿಂತಿದ್ದರು. ಕಿರಿಯ ಆಗ ರೀಲು ಬದಲಿಸುತ್ತಿದ್ದ. ಹಿರಿಯ ಪಟ ತೆಗೆದ. ಅಚ್ಚಿಗೆ ಕೊಡುವಾಗ ಪಟದಲ್ಲಿ ಗಂಡನಿದ್ದ ಭಾಗವನ್ನು ಕತ್ತರಿಸಿದ. ಹೆಂಗಸು ಒಂಟಿಯಾಗಿದ್ದರೇ ಪಟಕ್ಕೆ ಕಳೆ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಪಟ ಮುಖಪುಟದಲ್ಲಿ ಬಂತು, ಬಹುಮಾನವೂ ಬಂತು.

ಕಿರಿಯನ ಮನಸ್ಸು ಮಾತ್ರ ಆ ಮಾಳಿಗೆ ಬಿಟ್ಟು ಬರಲಿಲ್ಲ. ಪಟ ತೆಗೆದು ಹೊರಟುಬಿಟ್ಟರೆ ಆಮೇಲೆ ಆ ಜನರ ಗತಿ ಏನಾಯಿತೆಂದು ಯಾರಿಗೆ ತಿಳಿಯಬೇಕು ಎಂದು ಕೆಲಸ ಬಿಟ್ಟ. ಸಿನಿಮಾ ತೆಗೆಯಲು ಹೋದ.

"ಬೇಗ ವಾಪಸು ಬರುತ್ತಾನೆ, ಅವನ ಕುರ್ಚಿ ಒರೆಸಿ ಇಟ್ಟಿರಿ" ಎಂದು ಹಿರಿಯ ಕಚೇರಿಯಲ್ಲಿ ನಗಾಡಿದ.

ಕಿರಿಯ ಬರಲಿಲ್ಲ. ಮೊದಲ ಸಿನಿಮಾ ಹೆಸರು ಮಾಡಿತು. ಎರಡನೆಯದಕ್ಕೆ ಪ್ರಶಸ್ತಿ ಬಂತು. ಆ ಸಮಾರಂಭಕ್ಕೆ ಸಂಪಾದಕರು ಹಿರಿಯನನ್ನೇ ಕಳುಹಿಸಿದರು. ಕಿರಿಯ ರೆಪ್ಪೆ ಮುಚ್ಚುವ ಗಳಿಗೆ ಕಾದು ಹಿರಿಯ ಪಟ ತೆಗೆದ. ತೆಗೆದ ಪಟಗಳಲ್ಲಿ ಅದೊಂದನ್ನೇ ಪತ್ರಿಕೆಗೆ ಕೊಟ್ಟ. ಬೆಳಿಗ್ಗೆ ಅದನ್ನು ನೋಡುತ್ತಾ ಎರಡನೆಯ ಲೋಟ ಕಾಫಿ ಕೇಳಿ ಕುಡಿದ.

ಕೆಲ ಕಾಲದ ಮೇಲೆ ಕಿರಿಯ ಹಿರಿಯನ ಮನೆಗೆ ಬಂದ.

"ಅಣ್ಣಾ, ನೆರೆಯಲ್ಲಿ ಮಾಳಿಗೆ ಮೇಲೆ ನಿಂತಿದ್ದಳಲ್ಲ, ಆ ಹೆಂಗಸಿನ ಬಗ್ಗೆ ಸಿನಿಮಾ ತೆಗೆಯುತ್ತಿದ್ದೇನೆ. ಅವಳ ಗಂಡ ತೀರಿಕೊಂಡ. ಮನೆಯಲ್ಲಿದ್ದ ಪಟಗಳೆಲ್ಲ ನೆರೆಯಲ್ಲಿ ಕೊಚ್ಚಿಹೋದವು. ನಿಮ್ಮ ನೆಗೆಟಿವಿನಲ್ಲಿ ಅವನಿದ್ದಾನಲ್ಲ, ಒಂದು ಪ್ರತಿ ಹಾಕಿಕೊಡಿ."

"ನಿನ್ನ ಸಿನಿಮಾಕ್ಕೋ?"

"ಇಲ್ಲಣ್ಣ. ಆಯಮ್ಮ ಗೋಡೆಗೆ ಹಾಕಬೇಕಂತೆ."

"ಓಹೋ! ಡೈರೆಕ್ಟರ್ ಸಾಹೇಬರು ಈಗ ಮದುವೆ ಫೋಟೋದವರ ಹಾಗೆ ಮನೆಮನೆಗೆ ಪಟ ಹಂಚುತ್ತಾರೋ? ಅದು ಬೂಸ್ಟು ಹಿಡಿದು ಎಂದೋ ಹಾಳಾಯಿತು, ಹೋಗಪ್ಪ."

ನೆಗೆಟಿವ್ ಹಾಳಾಗಿರಲಿಲ್ಲ. ಅವನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು.

ಸಿನಿಮಾ ಬಂತು. ತಪ್ಪು ಹುಡುಕಲೆಂದೇ ಹಿರಿಯ ಟಿಕೆಟ್ ಕೊಂಡು ಒಳಗೆ ಕೂತ. ಪರದೆಯ ಮೇಲೆ ಆ ಹೆಂಗಸು ಹೊಸ ಮನೆಯ ಗೋಡೆಗೆ ಮೊಳೆ ಹೊಡೆದಳು. ಮೊಳೆಗೆ ಒಂದು ತುಂಡು ಹೂ ಸಿಕ್ಕಿಸಿದಳು. ಅಲ್ಲಿ ಪಟವಿರಲಿಲ್ಲ. ಪಕ್ಕದ ಸೀಟಿನವನು ಕಣ್ಣು ಒರೆಸಿಕೊಂಡ. ಹಿರಿಯನಿಗೂ ತಪ್ಪು ಹುಡುಕುವುದು ಮರೆತುಹೋಯಿತು.

ಮನೆಗೆ ಬಂದು ಬೀರು ತೆಗೆದ. ನೆಗೆಟಿವನ್ನು ಬೆಳಕಿಗೆ ಹಿಡಿದ. ಗಂಡ ಇದ್ದ. ಹೆಂಡತಿಯ ಮಗ್ಗುಲಲ್ಲೇ ಇದ್ದ. ಪ್ರತಿ ಹಾಕಲು ಎದ್ದ. ಅಷ್ಟರಲ್ಲಿ ಮನಸ್ಸು ಬೇರೆ ಹೇಳಿತು. ಇದನ್ನು ಕೊಟ್ಟರೆ ಅದೂ ಕಿರಿಯನ ಹೆಚ್ಚುಗಾರಿಕೆಯಾಗುತ್ತದೆ. ಅವನು ಸಿನಿಮಾ ತೆಗೆದದ್ದಕ್ಕೇ ಆಕೆಗೆ ಗಂಡನ ಪಟ ಸಿಕ್ಕಿತು ಎಂದು ಊರೆಲ್ಲ ಹೊಗಳುತ್ತದೆ. ಹಿರಿಯ ನೆಗೆಟಿವನ್ನು ಒಳಗಿಟ್ಟು ಬೀಗ ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಕಿರಿಯನಿಗೆ ಏನೂ ಆಗಲಿಲ್ಲವಲ್ಲ ಗುರುಗಳೇ?" ಎಂದ ಶಿಷ್ಯ. "ಅವನ ಸಿನಿಮಾ ಓಡಿತು."

"ಓಡಿತು, ಆ ಹೆಂಗಸಿಗೆ ಮಾತ್ರ ಈಗ ಗಂಡನ ಮುಖ ಸರಿಯಾಗಿ ನೆನಪಾಗುತ್ತಿಲ್ಲ."